ನೇರಳೆ ಅಂಚು

ಮಾರ್ಚ್ ೪, ಸೋಮವಾರ

ಪ್ರೀತಿಯ ಗುಬ್ಬಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ. ನೀನು, ನಿಮ್ಮ ಯಜಮಾನರು, ಮಗು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಪತ್ರ ಬರೆಯಲು ತಡವಾಯಿತು, ಕ್ಷಮಿಸು ಎಂದು ಶುರುಮಾಡಿದೆ, ನನಗೇ ನಗು ಬಂದು ಪೆನ್ನು ಕೆಳಗಿಟ್ಟೆ. ಆರು ವರ್ಷಕ್ಕೆ ಯಾರಾದರೂ ತಡ ಎನ್ನುತ್ತಾರೆಯೇ? ಪ್ರತಿ ವರ್ಷ ನೀನು ತಪ್ಪದೆ ನಿಮ್ಮ ಪ್ರೆಸ್ಸಿನ ಕ್ಯಾಲೆಂಡರ್ ಕಳಿಸಿದೆ, ಒಳಗೆ ಒಂದು ಸಾಲೂ ಬರೆಯದೆ. ನಾನೂ ಪ್ರತಿ ವರ್ಷ ಅದನ್ನು ವರ್ಕ್‌ಶಾಪಿನ ಗೋಡೆಗೆ ತೂಗುಹಾಕಿದೆ, ಒಂದು ಸಾಲೂ ಬರೆಯದೆ. ಹಟದ ವಿಷಯದಲ್ಲಿ ಅಪ್ಪನ ಆಸ್ತಿ ನಮ್ಮಿಬ್ಬರಿಗೂ ಸಮಪಾಲಾಗಿ ಬಂದಿದೆ. ಆರು ಕ್ಯಾಲೆಂಡರಿಗೆ ಸೇರಿಸಿ ಇದೊಂದು ಉತ್ತರ ಎಂದುಕೋ.

ಮಗುವಿಗೆ ಈಗ ಒಂಬತ್ತು ತುಂಬಿರಬೇಕಲ್ಲವೇ? ನನ್ನ ತಲೆಯಲ್ಲಿ ಅವಳಿಗೆ ಇನ್ನೂ ಮೂರೇ ವರ್ಷ. ಗಾಜು ಪಾಲಿಷ್ ಮಾಡುವ ಕೆಂಪು ಪುಡಿಯಲ್ಲಿ ಕೈ ಅದ್ದಿ ನನ್ನ ಬೆನ್ನ ಮೇಲೆ ಅಚ್ಚೊತ್ತಿ ಓಡಿಹೋಗುತ್ತಾಳೆ. ಆ ಅಚ್ಚಿನ ಕುಪ್ಪಸ ನಾನು ಒಗೆಯದೆ ಇಟ್ಟಿದ್ದೇನೆ ಎಂದು ಅವಳಿಗೆ ಹೇಳು. ಅತ್ತೆಯೋ ದೊಡ್ಡಮ್ಮನೋ ಎಂದು ಅವಳು ಕೇಳಿದರೆ ದೊಡ್ಡಮ್ಮ ಎಂದು ನೆನಪಿಸು.

ಇನ್ನು ಸುದ್ದಿ. ನನ್ನ ಬಲಗಣ್ಣಿನ ಪೊರೆ ತೆಗೆದಿದ್ದಾರೆ, ಇವತ್ತಿಗೆ ಹನ್ನೆರಡು ದಿನ. ಗಾಬರಿಯಾಗಬೇಡ, ಎಲ್ಲ ಸಸೂತ್ರವಾಗಿ ಆಯಿತು. ಎಡಗಣ್ಣಿಗೆ ಇನ್ನು ಮೂರು ವಾರ ಬಿಟ್ಟು. ಡಾಕ್ಟರು ದಿನಕ್ಕೆ ಅರ್ಧ ಗಂಟೆ ಮಾತ್ರ ಓದು ಬರಹ ಎಂದು ಕಟ್ಟು ಹಾಕಿರುವುದರಿಂದ ಈ ಪತ್ರ ಕಂತು ಕಂತಾಗಿ ಬರುತ್ತದೆ. ಬಾಯಿಗೆ ಮಾತ್ರ ಕಟ್ಟು ಹಾಕಿಲ್ಲ, ಪಾಪ, ಅವರಿಗೆ ನನ್ನ ಪರಿಚಯ ಸಾಲದು.

ಆಸ್ಪತ್ರೆಗೆ ಹೋದ ಕಥೆ ಕೇಳು. ನಮ್ಮ ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ದರ್ಜಿಯಮ್ಮ ನಿನಗೆ ನೆನಪಿದ್ದಾರಲ್ಲ. ನೀನು ಹೋದ ಮೇಲೆ ಅವರು ದಿನಾ ಮಧ್ಯಾಹ್ನ ನಾಲ್ಕಕ್ಕೆ ಕೆಳಗಿಳಿದು ಬರುತ್ತಾರೆ, ಚಹಾ ಕುಡಿಯುತ್ತಾರೆ, ಮಸೂರ ಪರೀಕ್ಷೆಯ ಕೊಳವೆಯಲ್ಲಿ ಒಮ್ಮೆ ಇಣುಕಿ ನೋಡುತ್ತಾರೆ, ಮೇಲೆ ಹೋಗುತ್ತಾರೆ. ಒಂದು ದಿನ ಅವರ ಜೊತೆ ಮಾತಾಡುತ್ತಿದ್ದಾಗ ಬಾಗಿಲ ಬಳಿ ಯಾರೋ ನಿಂತ ಹಾಗೆ ಕಂಡಿತು. ನಾನು "ಬನ್ನಿ, ಕೂತ್ಕೊಳ್ಳಿ" ಎಂದೆ. ಸ್ಟೂಲು ಎಳೆದು ಕೊಟ್ಟೆ.

ದರ್ಜಿಯಮ್ಮ ಬಿದ್ದು ಬಿದ್ದು ನಕ್ಕರು. "ಮೊಳೆಗೆ ನೇತು ಹಾಕಿರೋ ಏಪ್ರನ್‌ಗೆ ಸ್ಟೂಲ್ ಹಾಕ್ತಿದ್ದೀರಲ್ಲ, ಚಹಾನೂ ಕೊಡ್ತೀರಾ?" ಆಮೇಲೆ ನಗು ನಿಲ್ಲಿಸಿ ಹೇಳಿದರು: "ಸಾಕು ಈ ನಾಟಕ. ನಾಳೆ ಬೆಳಿಗ್ಗೆ ಕಣ್ಣಾಸ್ಪತ್ರೆ. ಬರಲ್ಲ ಅಂದ್ರೆ ಸೊಂಟಕ್ಕೆ ಟೇಪ್ ಸುತ್ತಿ ಎಳ್ಕೊಂಡು ಹೋಗ್ತೀನಿ."

ಅದು ಯಾರ ಏಪ್ರನ್ ಎಂದು ನಾನು ನಿನಗೆ ಹೇಳಬೇಕಾಗಿಲ್ಲ. ನೀನು ಹಾಕಿದ ಮೊಳೆಯಲ್ಲೇ ಇದೆ. ಧೂಳು ಕೊಡವುತ್ತಿರುತ್ತೇನೆ, ಅಷ್ಟೇ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ನನ್ನ ಗಲ್ಲವನ್ನು ಯಂತ್ರದ ಮೇಲೆ ಇರಿಸಿ, ಕಣ್ಣಿಗೆ ಬೆಳಕು ಬಿಟ್ಟು ತುಂಬ ಹೊತ್ತು ನೋಡಿದಳು. "ಅಮ್ಮಾ, ಒಳಗಿನ ಮಸೂರ ಕಡು ಚಹಾ ಬಣ್ಣಕ್ಕೆ ತಿರುಗಿದೆ. ಎಷ್ಟು ವರ್ಷದಿಂದ ಹೀಗಿದೆ? ಏನ್ ಕೆಲಸ ಮಾಡ್ತೀರಾ ನೀವು?"

"ಮಸೂರ ಪರೀಕ್ಷೆ ಮಾಡ್ತೀನಮ್ಮ. ದುರ್ಬೀನಿಗೆ, ಟೆಲಿಸ್ಕೋಪಿಗೆ."

"ಈ ಕಣ್ಣಿಟ್ಕೊಂಡಾ?" ಎಂದಳು.

ದೀಪದ ಬುಡದಲ್ಲೇ ಕತ್ತಲೆ ಎನ್ನುವುದನ್ನು ನಾನು ಗಾದೆ ಎಂದುಕೊಂಡಿದ್ದೆ, ಗುಬ್ಬಿ. ಅದು ನನ್ನ ವಿಳಾಸ. ನನಗೆ ಗೊತ್ತೇ ಇರಲಿಲ್ಲ. ಅರ್ಧ ಗಂಟೆ ಆಯಿತು, ಇಲ್ಲಿಗೆ ನಿಲ್ಲಿಸುತ್ತೇನೆ.

ಮಂಗಳವಾರ

ಕಟ್ಟು ಬಿಚ್ಚಿದ ಬೆಳಿಗ್ಗೆಯ ವಿಷಯ ನಿನಗೆ ಹೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಮೊದಲು ಕಂಡದ್ದು ಆಸ್ಪತ್ರೆಯ ಹಾಸಿಗೆಯ ಬಿಳಿ ಹೊದಿಕೆ. ಅದಕ್ಕೆ ನೀಲಿ ಹಾಕಿ ಹಾಕಿ ಹಾಳು ಮಾಡಿದ್ದಾರೆ ಎಂದು ನರ್ಸಮ್ಮನಿಗೆ ಬೈದೆ. ಆಕೆ ನಕ್ಕು, "ಎಲ್ಲರೂ ಮೊದಲ ದಿನ ಹೀಗೇ ಬೈತಾರೆ. ಅದು ಬರೀ ಬಿಳಿ, ಅಷ್ಟೇ. ಒಂದು ಕಣ್ಣು ಮುಚ್ಚಿ ನೋಡಿ" ಎಂದಳು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದೆ. ಅದೇ ಹೊದಿಕೆ ಚಹಾ ಚೆಲ್ಲಿ ಒಣಗಿದ ಬಟ್ಟೆಯಾಯಿತು. ಎಡ ಮುಚ್ಚಿದೆ, ಬಿಳಿ. ಬಲ ಮುಚ್ಚಿದೆ, ಚಹಾ. ಮಧ್ಯಾಹ್ನದವರೆಗೂ ಅದೇ ಆಟ. ಪಕ್ಕದ ಹಾಸಿಗೆಯ ಮುದುಕರಿಗೆ ನಾನು ಕಣ್ಣು ಹೊಡೆಯುತ್ತಿದ್ದೇನೆ ಅನ್ನಿಸಿ ಅವರು ಗೋಡೆ ಕಡೆ ತಿರುಗಿ ಮಲಗಿದರು.

ಅಷ್ಟು ವರ್ಷ ಇಡೀ ಲೋಕವನ್ನು ಚಹಾದ ಲೋಟದೊಳಗಿಂದ ನೋಡಿದ್ದೇನೆ, ಅದನ್ನೇ ಸರಿ ಎಂದು ಹಿಡಿದಿದ್ದೇನೆ. ಒಂದೇ ದಿನದಲ್ಲಿ ಹೀಗಾಗಿದ್ದರೆ ಕಿರುಚಿಕೊಳ್ಳುತ್ತಿದ್ದೆ. ದಿನಕ್ಕೆ ಒಂದು ಹನಿಯಂತೆ ಬೆರೆತರೆ ಯಾರಿಗೆ ತಿಳಿಯುತ್ತದೆ?

ಡಾಕ್ಟರ ಹತ್ತಿರ ಇದನ್ನೇ ಕೇಳಿದೆ. ಆ ಹುಡುಗಿ ಕೂತು ತಾಳ್ಮೆಯಿಂದ ವಿವರಿಸಿದಳು. ಹಳದಿಯಾದ ಮಸೂರ ಮೊದಲು ನುಂಗುವುದು ನೇರಳೆಯನ್ನು, ಆಮೇಲೆ ನೀಲಿಯನ್ನು. ಇನ್ನೊಂದು ವಿಷಯವನ್ನೂ ಹೇಳಿದಳು, ಕೇಳಿ ನಾನು ದಂಗಾದೆ. ದೇವರು ಕೊಟ್ಟ ಕಣ್ಣಿನ ಮಸೂರಕ್ಕೂ ಬಣ್ಣದ ಅಂಚು ಬರುತ್ತದಂತೆ! ಹುಟ್ಟಿದ ಮಗುವಿನ ಕಣ್ಣಿಗೂ. "ಆದ್ರೆ ನಮ್ಗೆ ಕಾಣಲ್ಲ ಅಮ್ಮ, ಮೆದುಳು ಅದನ್ನ ಒರೆಸಿ ಹಾಕುತ್ತೆ" ಎಂದಳು. ನಲವತ್ತು ವರ್ಷ ನಾನು ಗಾಜಿನಿಂದ ಯಾವ ದೋಷವನ್ನು ಓಡಿಸಲು ಹೆಣಗಿದೆನೋ ಅದು ನನ್ನ ಕಣ್ಣೊಳಗೇ ಬಾಡಿಗೆಗಿತ್ತು. ತನಗೆ ಬೇಡದ ಅಂಚನ್ನು ಒರೆಸಿಕೊಳ್ಳುವ ಅಭ್ಯಾಸ ನಮ್ಮ ತಲೆಗೆ ಮೊದಲಿನಿಂದಲೂ ಇದೆ ನೋಡು.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ವರ್ಕ್‌ಶಾಪಿನ ಗೋಡೆಯ ಹತ್ತಿರ ಹೋದೆ. ನಿನ್ನ ಆರು ಕ್ಯಾಲೆಂಡರುಗಳನ್ನು ಮೇಜಿನ ಮೇಲೆ ಹರಡಿ ಭೂತಗನ್ನಡಿ ಹಿಡಿದು ನೋಡಿದೆ. ನಾಲ್ಕು ಬಣ್ಣವನ್ನು ನಾಲ್ಕು ಸಲ ಬೇರೆ ಬೇರೆ ಒತ್ತುತ್ತೀರಲ್ಲ, ಒಂದು ಕೂದಲೆಳೆ ಆಚೀಚೆ ಆದರೂ ಚಿತ್ರದ ಅಂಚಿಗೆ ಬೇರೆ ಬಣ್ಣ ಚಾಚಿಕೊಳ್ಳುತ್ತದೆ. ಎಪ್ಪತ್ತೆರಡು ತಿಂಗಳನ್ನೂ ನೋಡಿದೆ, ಒಂದರಲ್ಲೂ ಇಲ್ಲ. ಅಚ್ಚಾದ ಹಾಳೆಯನ್ನು ಕೊನೆಗೆ ನೋಡಿ ಸರಿ ಎನ್ನುವವಳು ನೀನೇ ಎಂದು ಯಾರೋ ಹೇಳಿದ್ದರು. ಅಲ್ಲಿ ನಿನ್ನ ಕಣ್ಣನ್ನು ನಂಬುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂದು ನಾನೊಬ್ಬಳು ತಿಳಿದಿದ್ದೆ.

ಕ್ಯಾಲೆಂಡರಿನೊಳಗೆ ನೀನು ಏನೂ ಬರೆದಿರಲಿಲ್ಲ ಎಂದು ಮೇಲೆ ದೂರಿದೆನಲ್ಲ, ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನೀನು ಬರೆದಿದ್ದೆ. ಓದಲು ಬೇಕಾಗಿದ್ದ ಕಣ್ಣು ನನಗಿರಲಿಲ್ಲ.

ಗುರುವಾರ

ನಿನ್ನೆ ಬರೆಯಲಿಲ್ಲ. ನಿನ್ನೆ ಖಾನೆ ತೆಗೆದೆ.

ಯಾವ ಖಾನೆ ಎಂದು ನಿನಗೆ ಗೊತ್ತು. ಪರೀಕ್ಷೆಯ ಮೇಜಿನ ಎಡಗಡೆ ಕೆಳಗಿನದು, ಎಳೆದರೆ ಕೀರಲು ಸದ್ದು ಮಾಡುವುದು. ಸ್ಕೂಲಿನ ಟೆಲಿಸ್ಕೋಪಿಗೆ ಮಾಡಿದ ಆ ನಾಲ್ಕಿಂಚಿನ ಮಸೂರದ ಜೋಡಿ ಅಲ್ಲೇ ಇತ್ತು. ಮೇಷ್ಟ್ರು ವಾಪಸು ತಂದುಕೊಟ್ಟ ದಿನವೇ ಫ್ಲ್ಯಾನೆಲ್ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ ಇಟ್ಟಿದ್ದೆ. ಆರು ವರ್ಷ ಬಿಚ್ಚಿರಲಿಲ್ಲ.

ಎರಡೂ ಗಾಜನ್ನು ಸ್ಪಿರಿಟ್ ಹಾಕಿ ಒರೆಸಿದೆ. ಹಗುರ ಗಾಜಿನ ಉಬ್ಬು ಮುಂದೆ, ಭಾರದ ಗಾಜಿನ ತಗ್ಗು ಹಿಂದೆ, ನಡುವೆ ಅಂತರ ಬಿಡಲು ತಗಡಿನ ಮೂರು ಚೂರು. ಪರೀಕ್ಷೆಯ ಕೊಳವೆಗೆ ಕೂರಿಸಿ, ಎಂದಿನಂತೆ ಎದುರಿನ ನೀರಿನ ಟ್ಯಾಂಕಿನ ಕಬ್ಬಿಣದ ಏಣಿಗೆ ಗುರಿಯಿಟ್ಟೆ. ಹಿಂದೆ ಬೆಳ್ಳಗಿನ ಆಕಾಶ. ಎಡಗಣ್ಣಿಟ್ಟೆ: ಏಣಿ ಕಪ್ಪು, ಅಂಚು ಅಚ್ಚುಕಟ್ಟು, ಎಲ್ಲ ಸರಿ, ಪಾಸು. ಬಲಗಣ್ಣಿಟ್ಟೆ.

ಪ್ರತಿ ಮೆಟ್ಟಿಲಿಗೂ ನೇರಳೆ ಅಂಚು, ಗುಬ್ಬಿ. ಬೆರಳಲ್ಲಿ ಎತ್ತಿಕೊಳ್ಳಬಹುದು ಅನ್ನಿಸುವಷ್ಟು ಗಟ್ಟಿಯಾಗಿತ್ತು. ಎಷ್ಟು ಚೆಂದವಿತ್ತು ಎಂದು ಹೇಳಿದರೆ ನೀನು ಸಿಟ್ಟಾಗಬೇಡ. ನಾನು ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಹನಿ ಹಾಕಿದ ಕಣ್ಣಲ್ಲಿ ಅಳಬಾರದು ಎಂದಿದ್ದರು, ಅದೂ ನೆನಪಾಗಲಿಲ್ಲ.

ಅಪ್ಪ ನಮಗೆ ಈ ವಿದ್ಯೆ ಹೇಳಿಕೊಟ್ಟದ್ದು ನೆನಪಿದೆಯೇ? ನಿನಗೆ ಆಗ ಏಳು, ನನಗೆ ಹತ್ತೊಂಬತ್ತು. ಬಿಳಿ ಬೆಳಕು ಅಂದ್ರೆ ಒಬ್ಬರಲ್ಲ, ಒಂದು ಮನೆ ತುಂಬ ಮಕ್ಕಳು, ಗಾಜಿನ ತಿರುವು ಬಂದರೆ ನೇರಳೆ ಜಾಸ್ತಿ ತಿರುಗುತ್ತೆ, ಕೆಂಪು ಕಮ್ಮಿ ತಿರುಗುತ್ತೆ, ಅದಕ್ಕೇ ಎಲ್ಲರೂ ಒಂದೇ ಬಾಗಿಲಿಗೆ ಬಂದು ಸೇರಲ್ಲ ಎನ್ನುತ್ತಿದ್ದರು. ಅದಕ್ಕೇ ಎರಡು ಗಾಜು. ಒಂದು ಒಟ್ಟಿಗೆ ಕೂಡಿಸುವುದು, ಇನ್ನೊಂದು ಸ್ವಲ್ಪ ಬಿಡಿಸುವುದು. ಒಂದರ ತಪ್ಪು ಇನ್ನೊಂದರ ತಪ್ಪಿಗೆ ಎದುರಾಗಿ ಎರಡೂ ಕಳೆಯುವುದು. ಅಪ್ಪ ಕೊನೆಯ ಕಾಲದಲ್ಲಿ ಹೇಳಿದ ಮಾತೂ ಅದೇ ಧಾಟಿಯದು: "ಕೈ ಚಿಕ್ಕವಳದು, ಕಣ್ಣು ದೊಡ್ಡವಳದು. ಇಬ್ರೂ ಸೇರಿದ್ರೆ ಒಬ್ಬ ನಾನು."

ಅವತ್ತಿನಿಂದಲೇ ಗಾಜಿನ ಬದಿಯ ಗುರುತನ್ನು ಇಬ್ಬರೂ ಸೇರಿ ಹಾಕುವ ಪದ್ಧತಿ ಬಂದದ್ದು. ಉಜ್ಜಿ ಜೋಡಿ ಕೂಡಿಸಿದವಳು ನೀನು, ಎರಡೂ ಗಾಜಿನ ಬದಿಗೆ ಸೇರುವಂತೆ ಪೆನ್ಸಿಲಿನಲ್ಲಿ ಒಂದು ಓರೆ ಗೆರೆ. ನೋಡಿ ಪಾಸು ಮಾಡಿದವಳು ನಾನು, ಅದಕ್ಕೆ ಎದುರಾಗಿ ಇನ್ನೊಂದು. ಎರಡು ಗೆರೆ ಕೆಳಗೆ ಸೇರಿದರೆ ಮಾತ್ರ ಮಾಲು ಬಾಗಿಲು ದಾಟಬೇಕು.

ಈ ಗಾಜಿಗೆ ನೀನು ಗೆರೆ ಎಳೆಯಲಿಲ್ಲ. "ಅಕ್ಕ, ಈ ಸಲದ ಭಾರದ ಗಾಜು ಹಳೇದಲ್ಲ, ಬೇರೆ ಕಡೇದು. ಹಳೇ ಲೆಕ್ಕಕ್ಕೆ ಉಜ್ಜಿದ್ರೆ ಬಣ್ಣ ಪೂರ್ತಿ ಕಳೆಯಲ್ಲ. ನೋಡು, ಏಣಿಗೆ ನೇರಳೆ ಅಂಚು ಬಂದಿದೆ" ಎಂದೆ. ನಾನು ನೋಡಿದೆ, ಕಾಣಲಿಲ್ಲ. ಇಲ್ಲ ಎಂದೆ. ಇದೆ ಎಂದೆ ನೀನು. "ಹದ್ದಕ್ಕ ಅಂತ ಊರೆಲ್ಲ ಕರೆಯೋದು ನನ್ನನ್ನ, ನಿನ್ನನ್ನಲ್ಲ" ಎಂದೆ ನಾನು. ನೀನು ಪೆನ್ಸಿಲ್ ಕೆಳಗಿಟ್ಟು ಊಟಕ್ಕೆ ಹೋದೆ. ಎರಡೂ ಗೆರೆ ನಾನೇ ಎಳೆದೆ. ನಿನ್ನ ಗೆರೆ ಸ್ವಲ್ಪ ಬಾಗಿರುತ್ತದೆ, ಅದನ್ನೂ ಹಾಗೇ ಬಾಗಿಸಿದೆ.

ಹದಿನೈದು ದಿನಕ್ಕೆ ಮೇಷ್ಟ್ರು ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಬಂದರು. "ಚಂದ್ರನ ಸುತ್ತ ನೇರಳೆ ಬಳೆ ಕಾಣುತ್ತಮ್ಮ. ಮಕ್ಕಳು ಚಂದ್ರ ಬಳೆ ತೊಟ್ಕೊಂಡಿದಾನೆ ಅಂತ ನಗ್ತವೆ." ಆಗ ನಾನು ಆಡಿದ ಮಾತನ್ನು ನಿನಗೆ ಮತ್ತೆ ನೆನಪಿಸಬೇಕೆ? ಬರೆಯುತ್ತೇನೆ, ಬರೆಯದೆ ಹೋದರೆ ಹೇಡಿಯಾಗುತ್ತೇನೆ. "ನನ್ ತಂಗಿ ಕೈ ಈಚೆಗೆ ಅವಸರ ಆಗಿದೆ ಮೇಷ್ಟ್ರೇ. ಮನೇಲಿ ಚಿಕ್ಕ ಮಗು, ಕೆಲಸದ ಕಡೆ ಗಮನ ಇಲ್ಲ" ಎಂದೆ. ನೀನು ಗಾಜಿನ ಬದಿಯ ಎರಡು ಗೆರೆಗಳನ್ನು ನೋಡಿದೆ, ಆಮೇಲೆ ನನ್ನನ್ನು ನೋಡಿದೆ. ಕೈ ತೊಳೆದೆ. ಏಪ್ರನ್ ಮೊಳೆಗೆ ಹಾಕಿದೆ. "ಬರ್ತೀನಿ ಅಕ್ಕ" ಎಂದೆ.

ಹೊರಡುವವರು ಬರುತ್ತೇನೆ ಎನ್ನುವುದೇ ನಮ್ಮ ರೂಢಿ, ಅಷ್ಟು ತಿಳಿಯದವಳಲ್ಲ ನಾನು. ಆದರೂ ಆ ಒಂದು ಮಾತನ್ನು ಇಷ್ಟು ದಿನ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಮೂರು ತಿಂಗಳಲ್ಲಿ ನೀವು ಊರು ಬಿಟ್ಟಿರಿ.

ಶುಕ್ರವಾರ

ಇವತ್ತು ಸ್ಕೂಲಿಗೆ ಹೋಗಿ ಬಂದೆ. ಅವಮಾನ ನಾಲ್ಕು ಜನರ ಎದುರು ಆಗಿದ್ದರೆ ತಪ್ಪೊಪ್ಪಿಗೆಯೂ ನಾಲ್ಕು ಜನರ ಎದುರೇ ಆಗಬೇಕು ಎಂದು ದರ್ಜಿಯಮ್ಮ ಹೇಳಿದರು. ಅವರ ಬಾಯಿ ಅವರ ಕತ್ತರಿಗಿಂತ ಹರಿತ.

ಮೇಷ್ಟ್ರ ತಲೆ ಪೂರ್ತಿ ನರೆತಿದೆ, ಬರುವ ವರ್ಷ ನಿವೃತ್ತಿಯಂತೆ. ಕ್ಲಾಸಿನಲ್ಲಿದ್ದರು, ನನ್ನನ್ನು ಅಲ್ಲಿಗೇ ಕರೆದರು. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ "ವರ್ಣ ವಿಪಥನ" ಎಂದು ಬರೆದಿದ್ದರು, ಬಣ್ಣದ ಅಂಚಿನ ಪಾಠವೇ, ನೋಡು ಗ್ರಹಚಾರ. "ವಿಪಥನ ಅಂದ್ರೇನು?" ಎಂದು ಮಕ್ಕಳನ್ನು ಕೇಳಿದರು. "ದಾರಿ ತಪ್ಪೋದು ಸಾರ್" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ನನಗೆ ಸುಮ್ಮನಿರಲಾಗಲಿಲ್ಲ. ಅಪ್ಪ ಆ ಪದ ಕೇಳಿದರೆ ಎಷ್ಟು ರೇಗುತ್ತಿದ್ದರು ನೆನಪಿದೆಯಲ್ಲ? ಅವರದೇ ಮಾತು ನನ್ನ ಬಾಯಲ್ಲಿ ಬಂತು. "ಬೆಳಕು ದಾರಿ ತಪ್ಪಲ್ಲ ಮಕ್ಕಳೇ. ನೇರಳೆ ನೇರಳೆಯ ದಾರೀಲಿ ಸರಿಯಾಗೇ ಹೋಗುತ್ತೆ, ಕೆಂಪು ಕೆಂಪಿನ ದಾರೀಲಿ. ಎಲ್ಲಾ ಒಂದೇ ಜಾಗಕ್ಕೆ ಬಂದು ಸೇರ್ಲಿಲ್ಲ ಅನ್ನೋದು ನಮ್ಮ ದೂರು, ಅಷ್ಟೇ. ತಪ್ಪು ಅಂತ ಹೆಸರಿಟ್ಟಿದ್ದು ನಾವು." ಮೇಷ್ಟ್ರು ಬೋರ್ಡಿನ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದರು.

ಆ ಧೈರ್ಯದಲ್ಲೇ ಮಕ್ಕಳ ಮುಂದೆಯೇ ಹೇಳಿಬಿಟ್ಟೆ. "ಆರು ವರ್ಷದ ಹಿಂದೆ ನಿಮ್ಮ ಗಾಜು ಕೆಡಿಸಿದ್ದು ನನ್ನ ತಂಗಿ ಅಲ್ಲ ಮೇಷ್ಟ್ರೇ. ಅವಳು ಅಂಚು ಇದೆ ಅಂತ ಹೇಳಿದ್ಳು. ನನಗೆ ಕಣ್ಣಲ್ಲಿ ಪೊರೆ ಇತ್ತು, ನೇರಳೆ ಕಾಣ್ತಿರಲಿಲ್ಲ. ನನಗೆ ಗೊತ್ತಿರಲಿಲ್ಲ."

"ಅಯ್ಯೋ ಪಾಪ, ನಿಮಗೆ ಹೇಗೆ ಗೊತ್ತಾಗ್ಬೇಕು ಬಿಡಿ! ವಯಸ್ಸಿನ ತಪ್ಪು, ನಿಮ್ಮ ತಪ್ಪೇ ಅಲ್ಲ" ಎಂದರು ಮೇಷ್ಟ್ರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನನಗೆ ನೀರು ತಂದುಕೊಟ್ಟಳು. ನಾನು ಲೋಟವನ್ನು ಹಾಗೇ ಬೆಂಚಿನ ಮೇಲಿಟ್ಟೆ.

ಟೆಲಿಸ್ಕೋಪಿನ ಕೊಳವೆ ಇನ್ನೂ ಸ್ಟೋರ್ ರೂಮಿನಲ್ಲಿದೆ. ಮಕ್ಕಳು ಅದರಲ್ಲಿ ಕೊಡೆ ನಿಲ್ಲಿಸುತ್ತಾರಂತೆ. "ಈಗ ಸರಿ ಮಾಡೋಕಾಗುತ್ತಾ?" ಎಂದು ಮೇಷ್ಟ್ರು ಸಂಕೋಚದಿಂದ ಕೇಳಿದರು. "ಕಣ್ಣು ವಾಪಸ್ ಬಂದಿದೆ, ಕೈ ಇಲ್ಲ" ಎಂದು ಹೇಳಿ ಬಂದೆ.

ಅದಕ್ಕೇ ಈ ಪತ್ರದ ಜೊತೆ ಆ ಜೋಡಿಯನ್ನು ಕಳಿಸುತ್ತಿದ್ದೇನೆ. ಹತ್ತಿ, ಫ್ಲ್ಯಾನೆಲ್, ಡಬ್ಬಿ, ಡಬ್ಬಿಯ ಸುತ್ತ ದಾರ, ಎಲ್ಲ ಭದ್ರವಾಗಿದೆ. ಬದಿಯ ಎರಡೂ ಗೆರೆ ಒರೆಸಿದ್ದೇನೆ, ಈಗ ಅದು ಬೋಳು. ಭಾರದ ಗಾಜಿನ ತಗ್ಗನ್ನು ಎಷ್ಟು ತಿದ್ದಬೇಕು ಎಂದು ನೀನು ಅವತ್ತೇ ಒಂದು ಚೀಟಿಯಲ್ಲಿ ಲೆಕ್ಕ ಹಾಕಿ ಏಪ್ರನ್ನಿನ ಜೇಬಿನಲ್ಲಿ ಬಿಟ್ಟಿದ್ದೆ. ಆ ಚೀಟಿಯೂ ಜೊತೆಗಿದೆ. ಗಾಜು ಉಜ್ಜುವ ನಿನ್ನ ಚಕ್ರ, ನಿನ್ನ ಸ್ಟೂಲು, ಕಿಟಕಿ ಪಕ್ಕದ ಜಾಗ ಹಾಗೇ ಇವೆ. ಬಂದು ತಿದ್ದು ಎಂದು ಹೇಳುವ ಬಾಯಿ ನನಗಿಲ್ಲ. ಆ ಗಾಜನ್ನು ನೀನು ಎಸೆದರೂ ಸರಿ, ಮಗುವಿಗೆ ಆಡಲು ಕೊಟ್ಟರೂ ಸರಿ. ಮೂರು ವಾರ ಬಿಟ್ಟು ಎಡಗಣ್ಣಿನ ಆಪರೇಷನ್ ಇದೆ. ಕೈ ಹಿಡಿದು ಕರೆದುಕೊಂಡು ಹೋಗಲು ದರ್ಜಿಯಮ್ಮ ಇದ್ದಾರೆ. ಆದರೂ ಕಟ್ಟು ಬಿಚ್ಚಿದಾಗ ಎರಡು ಕಣ್ಣಲ್ಲೂ ಮೊದಲು ಯಾರು ಕಾಣಬೇಕು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿದೆ.

ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ಮಗುವಿನ ಎರಡು ಕೆನ್ನೆಗೂ ನನ್ನ ಮುತ್ತು. ನೀನು ನ್ಯೂಸ್‌ಪ್ರಿಂಟಿನ ಧೂಳಲ್ಲಿ ಕೂತಿರುತ್ತೀಯ, ಕಣ್ಣಿಗೆ ತಣ್ಣೀರು ಎರಚಿಕೊಳ್ಳುತ್ತಿರು. ನೀನು ಎಲ್ಲಿದ್ದರೂ ನಿನ್ನ ಕೈಗೆ ಕಸುವು, ಕಣ್ಣಿಗೆ ಬೆಳಕು ಇರಲಿ. ಅಪ್ಪ ಅಮ್ಮ ಇದ್ದಿದ್ದರೆ ಹರಸುತ್ತಿದ್ದುದನ್ನೂ ಸೇರಿಸಿ ನಾನೇ ಹರಸುತ್ತೇನೆ.

ಇತಿ ನಿನ್ನ ಅಕ್ಕ,
ಸದ್ಯಕ್ಕೆ ಒಂದು ಕಣ್ಣಿನ ಹದ್ದು

ತಾ.ಕ.

ಶನಿವಾರ. ನಿನ್ನೆಯೇ ಲಕೋಟೆ ಅಂಟಿಸಿದ್ದೆ. ಬೆಳಿಗ್ಗೆ ಅಂಚೆ ಕಚೇರಿಯ ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ ವಾಪಸು ಬಂದೆ. ಬಿಸಿನೀರಿನ ಹಬೆ ಹಿಡಿದು ಲಕೋಟೆ ಬಿಚ್ಚಿದ್ದೇನೆ.

ಮೇಲೆ ನನಗೆ ಗೊತ್ತಿರಲಿಲ್ಲ ಎಂದು ಎರಡು ಕಡೆ ಬರೆದಿದ್ದೇನೆ. ಅದು ಸುಳ್ಳು. ಗೊತ್ತಿತ್ತು.

ನೀನು ಪೆನ್ಸಿಲ್ ಇಟ್ಟು ಊಟಕ್ಕೆ ಹೋದೆಯಲ್ಲ, ಆಗ ನನಗೆ ಸಮಾಧಾನವಿರಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಅಪ್ಪ ಹೇಳುತ್ತಿದ್ದುದು ಚುಚ್ಚಿತು. ಮಹಡಿಗೆ ಹೋಗಿ ದರ್ಜಿಯಮ್ಮನನ್ನು ಕರೆದು ತಂದು, ಏನೂ ಹೇಳದೆ ಕೊಳವೆಯಲ್ಲಿ ನೋಡಿಸಿದೆ. "ಏಣಿಯ ಅಂಚು ಯಾವ ಬಣ್ಣ?" ಎಂದು ಕೇಳಿದೆ. "ನೇರಳೆ" ಎಂದರು, ಒಂದು ಕ್ಷಣವೂ ತಡೆಯದೆ. "ಎಂಥ ನೇರಳೆ?" ಎಂದೆ. ಅವರು ಮೇಲಿಂದ ದಾರದ ಡಬ್ಬಿ ತಂದು ಒಂದೊಂದೇ ಉಂಡೆ ಹಿಡಿದು ಹೋಲಿಸಿ ನೋಡಿದರು. "ಇದು. ಎಳೆಗೆ ಎಳೆ ಇದೇ" ಎಂದು ನಲವತ್ತೆರಡನೇ ನಂಬರಿನ ದಾರ ಒಂದು ಮಾರು ಕತ್ತರಿಸಿ ನನ್ನ ಕೈಗಿಟ್ಟರು. ನನ್ನ ಕಣ್ಣಿಗೆ ಅದು ಬೂದಿ ಬಣ್ಣ.

ಅವರು ಮೇಲೆ ಹೋದ ಮೇಲೆ ಎರಡು ಗೆರೆ ಎಳೆದೆ.

ಮೇಷ್ಟ್ರ ಎದುರು ನಿನ್ನ ಕೈಯನ್ನು, ನಿನ್ನ ಮಗುವನ್ನು ಎಳೆದು ತಂದಾಗಲೂ ಗೊತ್ತಿತ್ತು. ಆಮೇಲೆ ಆರು ವರ್ಷ ದರ್ಜಿಯಮ್ಮ ನಾಲ್ಕು ಗಂಟೆಗೆ ಬರುತ್ತಿದ್ದುದು ಚಹಾಕ್ಕಲ್ಲ. ಬೇರೆಯವರು ಉಜ್ಜಿ ತಂದು ನಾನು ಪಾಸು ಮಾಡಿದ ಒಂದೊಂದು ಗಾಜನ್ನೂ ಮೊದಲು ನೋಡಿದವರು ಅವರು. ನಿನ್ನ ಕಣ್ಣು ಕೈಗೆ ಎಟುಕುವಷ್ಟು ಹತ್ತಿರವಿದ್ದಾಗ ಬೇಡ ಎಂದವಳು ಅವರ ಕಣ್ಣನ್ನು ಎರವಲು ತಂದು ಬದುಕಿದೆ. ನಿನ್ನೆ ಮೇಷ್ಟ್ರು ಪಾಪ ಎಂದಾಗ ಹೌದು ಹೌದು ಎಂದು ತಲೆಯಾಡಿಸಿದೆ. ಕುಂಬಳಕಾಯಿ ಕಳ್ಳನಾದರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ, ನಾನು ಅಷ್ಟನ್ನೂ ಮಾಡಲಿಲ್ಲ. ಪೊರೆ ಎನ್ನುವ ಮಾತು ಎಷ್ಟು ಅನುಕೂಲದ್ದು ನೋಡು, ಎಲ್ಲವನ್ನೂ ಮುಚ್ಚುತ್ತದೆ. ಸೋಮವಾರ ಸ್ಕೂಲಿಗೆ ಮತ್ತೆ ಹೋಗುತ್ತೇನೆ. ಮೊದಲು ನಿನಗೆ ಹೇಳಬೇಕಿತ್ತು.

ಯಾಕೆ ಹಾಗೆ ಮಾಡಿದೆ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ಕೈ ಚಿಕ್ಕವಳದು, ಕಣ್ಣು ದೊಡ್ಡವಳದು ಎಂದು ಅಪ್ಪ ಪಾಲು ಮಾಡಿ ಹೋದರು. ಕೈಯೂ ನಿನ್ನದೇ, ಕಣ್ಣೂ ನಿನ್ನದೇ ಆದರೆ ಆ ವರ್ಕ್‌ಶಾಪಿನಲ್ಲಿ ನಾನು ಯಾರು, ಗುಬ್ಬಿ? ನಿನ್ನನ್ನು ಕಳೆದುಕೊಳ್ಳುವುದಕ್ಕಿಂತ ಅದಕ್ಕೆ ಹೆಚ್ಚು ಹೆದರಿದೆ. ನಿನ್ನನ್ನು ಎತ್ತಿ ಬೆಳೆಸಿದವಳು ನಿನಗೆ ಮಾಡಿದ್ದು ಇದು.

ಡಬ್ಬಿಯ ಸುತ್ತ ಕಟ್ಟಿರುವುದು ಅದೇ ದಾರ. ಕತ್ತರಿಸಬೇಡ, ಗಂಟು ಸಡಿಲವಾಗಿಯೇ ಹಾಕಿದ್ದೇನೆ. ಬುಧವಾರ ಖಾನೆ ಎಳೆದಾಗ ನನಗೆ ಮೊದಲು ನೇರಳೆ ಕಂಡದ್ದು ಏಣಿಯಲ್ಲಲ್ಲ, ಈ ದಾರದಲ್ಲಿ.

ಗಾಜನ್ನು ಕಿಟಕಿಯ ಸರಳಿಗೆ ಹಿಡಿದು, ದಾರವನ್ನು ಪಕ್ಕದಲ್ಲಿಟ್ಟು ನೋಡು. ಅವತ್ತು ನೀನು ಕಂಡದ್ದು ಇದೇ ಬಣ್ಣವೋ ಅಲ್ಲವೋ, ಅಷ್ಟು ಮಾತ್ರ ಬರೆ. ಬೇರೇನೂ ಬರೆಯದಿದ್ದರೂ ಸರಿ. ನೀನು ಏನು ಬರೆಯುತ್ತೀಯೋ ಅದೇ ಬಣ್ಣ. ಈ ಸಲ ನಾನು ಕೊಳವೆಗೆ ಕಣ್ಣಿಡುವುದಿಲ್ಲ.